ವಿದುರಾಶ್ವತ್ಥದಲ್ಲಿ ಒಂದು ಭಾನುವಾರ

ಚಿಕ್ಕಮ್ಮ ವಿದುರಾಶ್ವತ್ಥದ ನಾಗಪ್ಪನಿಗೆ ಹಾಲೆರೆಯುವ ಹರಕೆ ಹೊತ್ತು ಎರಡು ವರ್ಷ ಆಗಿತ್ತು. ಚಿಕ್ಕಪ್ಪನಿಗೆ ಮಂಡಿ ನೋವು, ಮಕ್ಕಳು ದೂರದಲ್ಲಿದ್ದಾರೆ, ಹೀಗೆ ಮುಂದಕ್ಕೆ ಹೋಗ್ತಾನೇ ಇತ್ತು. ಕೊನೆಗೆ 2025ರ ಏಪ್ರಿಲ್ 20ರ ಭಾನುವಾರ ನಾನೇ ಇಬ್ಬರನ್ನೂ ಕರೆದುಕೊಂಡು ಹೊರಟೆ. ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲಿಕೆ ಮಾಡುತ್ತೇನೆ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಅವರಿಗೆ ದೇವಸ್ಥಾನಕ್ಕಿಂತ ಅಲ್ಲಿರುವ ಹುತಾತ್ಮರ ಸ್ಮಾರಕ ನೋಡುವ ಆಸೆ ಜಾಸ್ತಿ.

ಬೆಳಿಗ್ಗೆ ಏಳಕ್ಕೆ ಗೌರಿಬಿದನೂರು ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ದ್ರಾಕ್ಷಿ ತೋಟ, ಸೇವಂತಿಗೆ ಹೊಲ, ಆಮೇಲೆ ಬಂಡೆ ಗುಡ್ಡಗಳು. ಚಿಕ್ಕಮ್ಮ ಹಾಲಿನ ಕ್ಯಾನನ್ನು ತೊಡೆ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದರು. ನಾನು ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದೆ. ಚಿಕ್ಕಪ್ಪ ಬಗ್ಗಿ ನೋಡಿ "ಏನಮ್ಮಾ ಅದು, ಅಷ್ಟೊತ್ತಿಂದ ಓದ್ತಿದ್ದೀಯ?" ಅಂದರು. ಹಂಗೇರಿಯ ಸುದ್ದಿ. ಇಸ್ರೇಲಿನ ಪ್ರಧಾನಿ ನೆತನ್ಯಾಹು ಮೇಲೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರಿನಲ್ಲಿ ವಾರಂಟ್ ಹೊರಡಿಸಿತ್ತು. ಹಂಗೇರಿ ಆಗ ಆ ನ್ಯಾಯಾಲಯದ ಸದಸ್ಯ ದೇಶ, ಅವರು ಬಂದರೆ ಹಿಡಿದು ಒಪ್ಪಿಸಬೇಕಿತ್ತು. ಹಿಡಿಯಲಿಲ್ಲ. ಏಪ್ರಿಲ್ 3ಕ್ಕೆ ಸಕಲ ಮರ್ಯಾದೆಯಿಂದ ಬರಮಾಡಿಕೊಂಡು, ಅದೇ ದಿನ, ನಾವು ಈ ನ್ಯಾಯಾಲಯದಿಂದಲೇ ಹೊರಗೆ ಹೋಗುತ್ತೇವೆ ಅಂತ ಘೋಷಿಸಿತು. ಅದಕ್ಕೆ ಮೂರು ವಾರದ ಹಿಂದೆ, ಮಾರ್ಚ್ 11ಕ್ಕೆ, ಡ್ರಗ್ಸ್ ವಿರುದ್ಧದ ಕಾರ್ಯಾಚರಣೆಯ ಕೊಲೆಗಳಿಗಾಗಿ ಅದೇ ನ್ಯಾಯಾಲಯ ಹೊರಡಿಸಿದ ವಾರಂಟಿನ ಮೇಲೆ, ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು ಅವರ ದೇಶದ ಪೊಲೀಸರೇ ಮನಿಲಾದಲ್ಲಿ ಹಿಡಿದು, ರಾತ್ರಿಯೇ ಹೇಗ್‌ಗೆ ವಿಮಾನ ಹತ್ತಿಸಿದ್ದರು.

"ಅದೇ ವಾರಂಟು, ಒಂದು ದೇಶ ಹಿಡಿದು ಕೊಡುತ್ತೆ, ಇನ್ನೊಂದು ಹೂವಿನ ಹಾರ ಹಾಕುತ್ತೆ. ಅಂದ್ರೆ ಆ ಕೋರ್ಟಿಗೆ ಶಕ್ತಿ ಇಲ್ಲ ಅಂತಾಯ್ತಲ್ಲಮ್ಮಾ" ಅಂದರು ಚಿಕ್ಕಪ್ಪ. ಶಕ್ತಿ ಅಂದರೆ ಪೊಲೀಸು ಅನ್ನೋದಾದರೆ ಹೌದು, ಇಲ್ಲ. ಆ ನ್ಯಾಯಾಲಯಕ್ಕೆ ತನ್ನದೇ ಪೊಲೀಸರಿಲ್ಲ. ನ್ಯಾಯಾಧೀಶರಿದ್ದಾರೆ, ತನಿಖೆ ಮಾಡುವವರಿದ್ದಾರೆ, ಆದರೆ ಆರೋಪಿಯ ಕೈ ಹಿಡಿದು ತರಬೇಕಾದವರು ಆಯಾ ದೇಶದ ಸರ್ಕಾರಗಳು. ಎಷ್ಟೋ ಸಲ ಆರೋಪಿಯೇ ಸರ್ಕಾರ. ಜಗಳ ಹುಟ್ಟುವುದೇ ಇಲ್ಲಿ.

ಮಂಚೇನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಮುಕ್ಕಾಲು ಗಂಟೆ ಹುಣಸೆ ಮರದ ನೆರಳಿನಲ್ಲಿ ನಿಂತೆವು. ಚಿಕ್ಕಪ್ಪ ಮಾತು ಬಿಡಲಿಲ್ಲ. ಅವರ ವಾದ ಹಳೆಯದು, ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟೋಕಿಯೋದಲ್ಲಿ ಜಪಾನಿನ ನಾಯಕರ ವಿಚಾರಣೆ ನಡೆಯಿತಲ್ಲ, ಅಲ್ಲಿ ನಮ್ಮ ದೇಶದ ನ್ಯಾಯಾಧೀಶರೊಬ್ಬರು ಇದ್ದರು, ಬಂಗಾಳದ ರಾಧಾವಿನೋದ ಪಾಲ್. 1948ರ ತೀರ್ಪಿನಲ್ಲಿ 25 ಆರೋಪಿಗಳಿಗೂ ಶಿಕ್ಷೆ ಆಯಿತು. ಪಾಲ್ ಮಾತ್ರ ಎಲ್ಲರೂ ನಿರ್ದೋಷಿಗಳು ಅಂತ ಬೇರೆ ತೀರ್ಪು ಬರೆದರು. ಜಪಾನ್ ಕ್ರೌರ್ಯ ಮಾಡಲಿಲ್ಲ ಅಂತಲ್ಲ. ಗೆದ್ದವರು ಸೋತವರನ್ನು ಮಾತ್ರ ಕೂರಿಸಿ ಕೇಳಿದರೆ ಅದು ನ್ಯಾಯ ಹೇಗಾಗುತ್ತದೆ, ಅಣುಬಾಂಬ್ ಹಾಕಿದವರನ್ನು ಯಾರು ಕೇಳುತ್ತಾರೆ ಅನ್ನೋದು ಅವರ ಪ್ರಶ್ನೆ. "ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ ಕಣಮ್ಮಾ" ಅಂದರು ಚಿಕ್ಕಪ್ಪ. ಬಂದಿಲ್ಲ, ನಿಜ. ಅಮೆರಿಕ, ರಷ್ಯಾ, ಚೀನಾ ಮೂರೂ ಹೇಗ್ ನ್ಯಾಯಾಲಯದ ಸದಸ್ಯರಲ್ಲ. ಆದರೆ ಭದ್ರತಾ ಮಂಡಳಿಯಲ್ಲಿ ಕೂತು ಬೇರೆ ದೇಶದ ಪ್ರಕರಣವನ್ನು ಆ ನ್ಯಾಯಾಲಯಕ್ಕೆ ಕಳಿಸುವ ಅಧಿಕಾರ ಅವರಿಗಿದೆ. 2025ರ ಫೆಬ್ರವರಿಯಲ್ಲಂತೂ ಅಮೆರಿಕ ಆ ನ್ಯಾಯಾಲಯದ ಮುಖ್ಯ ಪ್ರಾಸಿಕ್ಯೂಟರ್ ಮೇಲೆಯೇ ನಿರ್ಬಂಧ ಹೇರಿತು. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ.

ಗೌರಿಬಿದನೂರಿನಲ್ಲಿ ಇಡ್ಲಿ ತಿಂದು, ಆಟೋ ಹಿಡಿದು ವಿದುರಾಶ್ವತ್ಥ ತಲುಪುವಾಗ ಹತ್ತೂವರೆ. ಊರಿನಿಂದ ಆರೇಳು ಕಿಲೋಮೀಟರ್ ಅಷ್ಟೇ, ಆಚೆ ಸ್ವಲ್ಪ ದೂರಕ್ಕೆ ಆಂಧ್ರ ಶುರು, ಹಿಂದೂಪುರ. ಅಂಗಡಿ ಸಾಲಿನಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಕಡ್ಲೆಪುರಿ, ಬತ್ತಾಸು, ಅರಿಶಿನ ಕುಂಕುಮದ ಪೊಟ್ಟಣ, ಬಾಳೆಹಣ್ಣು. ಒಳಗೆ ಹೋದರೆ ಎಲ್ಲಿ ನೋಡಿದರೂ ನಾಗರಕಲ್ಲು. ನೂರಲ್ಲ, ಸಾವಿರಾರು. ಗೋಡೆ ಪಕ್ಕ, ಮರದ ಬುಡದಲ್ಲಿ, ಒಂದಕ್ಕೊಂದು ಒರಗಿಕೊಂಡು. ಅರಿಶಿನ ಮೆತ್ತಿ ಮೆತ್ತಿ ಕೆಲವು ಕಲ್ಲಿನ ಹೆಡೆಯೇ ಕಾಣಲ್ಲ. ಮಕ್ಕಳಾಗಲಿ ಅಂತ, ಕಾಯಿಲೆ ಹೋಗಲಿ ಅಂತ ತಲೆಮಾರುಗಳಿಂದ ಜನ ತಂದು ನಿಲ್ಲಿಸಿದ್ದು. ಚಿಕ್ಕಮ್ಮ ಒಂದು ಕಲ್ಲಿನ ಮುಂದೆ ಕೂತು ಕ್ಯಾನಿನ ಮುಚ್ಚಳ ತೆಗೆದರು. ಬಿಸಿಲಿಗೆ ಹಾಲು ಒಡೆದಿತ್ತು. ಅವರ ಮುಖ ಸಣ್ಣದಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಪ್ಯಾಕೆಟ್ಟಿನ ಅರ್ಧ ಹಾಲು ಬಗ್ಗಿಸಿಕೊಟ್ಟು, "ಎರೀಯಕ್ಕಾ, ಎಲ್ಲಾ ಒಂದೇ" ಅಂದರು. ಹೆಸರು ಕೂಡ ಕೇಳಲಿಲ್ಲ ನಾವು.

ವಿದುರ ನೆಟ್ಟಿದ್ದು ಅಂತ ಜನ ನಂಬಿದ್ದ ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ಸ್ಥಳಪುರಾಣದ ಪ್ರಕಾರ ಕುರುಕ್ಷೇತ್ರದ ಸಾವುಗಳಿಂದ ನೊಂದ ವಿದುರ ತೀರ್ಥಯಾತ್ರೆ ಮಾಡುತ್ತಾ ಇಲ್ಲಿಗೆ ಬಂದು, ಮೈತ್ರೇಯರ ಆಶ್ರಮದಲ್ಲಿದ್ದಾಗ, ನದಿಯಲ್ಲಿ ಅರ್ಘ್ಯ ಕೊಡುವ ಹೊತ್ತಿಗೆ ಒಂದು ಅಶ್ವತ್ಥದ ಗಿಡ ಕೈಗೆ ಸಿಕ್ಕಿತಂತೆ. ಉತ್ತರ ಪಿನಾಕಿನಿ ಪಕ್ಕದಲ್ಲೇ ಇದೆ, ಈಗ ಬರೀ ಮರಳು. ಕಟ್ಟೆ ಮೇಲೆ ಕೂತು ಚಿಕ್ಕಪ್ಪ ಕಥೆ ಹೇಳುತ್ತಿದ್ದರೆ ನನಗೆ ಬೇರೆಯದೇ ಹೊಳೆಯುತ್ತಿತ್ತು. ವಿದುರ ಎಷ್ಟು ಸಲ ಹೇಳಿಲ್ಲ ಧೃತರಾಷ್ಟ್ರನಿಗೆ, ಮಗನನ್ನ ತಡಿ ಅಂತ? ರಾಜನಿಗೆ ಕೇಳಿಸುತ್ತಿತ್ತು. ಮಗ ತಪ್ಪು ಮಾಡುತ್ತಿದ್ದಾನೆ ಅಂತ ಗೊತ್ತಿತ್ತು. ಶಿಕ್ಷೆ ಕೊಡುವ ಅಧಿಕಾರವೂ ಇತ್ತು. ಮನಸ್ಸು ಮಾತ್ರ ಇರಲಿಲ್ಲ. ಹೇಗ್ ನ್ಯಾಯಾಲಯದ ಕಾನೂನಿನ 17ನೇ ವಿಧಿ ಇಂಥ ರಾಜರಿಗಾಗಿಯೇ ಇದೆ. ಒಂದು ದೇಶ ತನ್ನವರನ್ನು ತಾನೇ ನಿಜವಾಗಿ ವಿಚಾರಣೆ ಮಾಡುತ್ತಿದ್ದರೆ ಹೊರಗಿನ ನ್ಯಾಯಾಲಯ ಕೈ ಹಾಕುವಂತಿಲ್ಲ. ಆ ದೇಶಕ್ಕೆ ಮನಸ್ಸಿಲ್ಲ, ಅಥವಾ ಶಕ್ತಿ ಇಲ್ಲ ಅಂದಾಗ ಮಾತ್ರ ಬರಬಹುದು. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರು ಏನೂ ಅನ್ನದೆ "ನಡಿ, ಸ್ಮಾರಕಕ್ಕೆ ಹೋಗೋಣ" ಅಂತ ಎದ್ದರು.

1938ರ ಏಪ್ರಿಲ್ 25. ಅದಕ್ಕೆ ಎರಡು ವಾರದ ಹಿಂದೆ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದ್ದರು. ಆ ಅಲೆ ಇಲ್ಲಿಗೂ ಬಂತು. ಜಾತ್ರೆಯ ಸಮಯ, ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಸೇರಿದ್ದರು. ಬಾವುಟ ಹಾರಿಸಬಾರದು ಅಂತ ಮೈಸೂರು ಸರ್ಕಾರದ ಆಜ್ಞೆ. ಜನ ಕೇಳಲಿಲ್ಲ, ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು ಅಂತ ಈ ಕಡೆಯ ಜನರ ಲೆಕ್ಕ. ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಮ್ಮಿ. ಸತ್ತವರಲ್ಲಿ ಒಬ್ಬ ಗರ್ಭಿಣಿಯೂ ಇದ್ದರು ಅಂತ ಇಲ್ಲಿಯವರು ಈಗಲೂ ಹೇಳುತ್ತಾರೆ. ನೆನಪಿಡಿ, ಇದು ಬ್ರಿಟಿಷರ ನೇರ ಆಡಳಿತದ ಊರಲ್ಲ. ನಮ್ಮದೇ ಮಹಾರಾಜರ, ಮಾದರಿ ಸಂಸ್ಥಾನ ಅಂತ ಹೊಗಳಿಸಿಕೊಂಡ ಮೈಸೂರು. ದಿವಾನರು ಮಿರ್ಜಾ ಇಸ್ಮಾಯಿಲ್. ಸುದ್ದಿ ದೇಶವೆಲ್ಲಾ ಹಬ್ಬಿತು, ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು, ಮಿರ್ಜಾ-ಪಟೇಲ್ ಒಪ್ಪಂದ ಆಗಿ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸುವ ಅವಕಾಶ ಸಿಕ್ಕಿತು. ತನಿಖೆಗೆ ಒಂದು ಸಮಿತಿಯೂ ಆಯಿತು. ಅದಕ್ಕೆ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅಧ್ಯಕ್ಷರು. ಸಮಿತಿ ನೇಮಿಸಿದ್ದು ಯಾರು? ಮೈಸೂರು ಸರ್ಕಾರವೇ.

ಸ್ಮಾರಕದ ಚಿತ್ರಶಾಲೆಯಾದ ವೀರಸೌಧದ ಚಿತ್ರಗಳನ್ನು ನೋಡುತ್ತಾ ಒಬ್ಬ ಹುಡುಗ ಅವರಪ್ಪನನ್ನು ಕೇಳುತ್ತಿದ್ದ, "ಗುಂಡು ಹೊಡೆದೋರ ಹೆಸರು ಎಲ್ಲಿದೆ?" ಅವರಪ್ಪ "ಬಾರೋ, ಐಸ್‌ಕ್ರೀಮ್ ಕೊಡಿಸ್ತೀನಿ" ಅಂತ ಎಳೆದುಕೊಂಡು ಹೋದರು. ಆ ಪ್ರಶ್ನೆ ನನ್ನನ್ನು ಅಲ್ಲೇ ನಿಲ್ಲಿಸಿತು. ಈ ಜಾಗವನ್ನು ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತಾರೆ. ಆ ಜಲಿಯನ್‌ವಾಲಾಬಾಗಿನ ಕಥೆಯೂ ಇದೇ ಅಲ್ವಾ? 1919ರಲ್ಲಿ ಅಲ್ಲಿ ಗುಂಡು ಹಾರಿಸಲು ಹೇಳಿದ ಡಯರ್‌ನ ಮೇಲೆ ಯಾವ ನ್ಯಾಯಾಲಯದಲ್ಲೂ ಕೇಸು ನಡೆಯಲಿಲ್ಲ. ತನಿಖೆ ಮಾಡಿದ್ದು ಸರ್ಕಾರ ನೇಮಿಸಿದ ಹಂಟರ್ ಸಮಿತಿ. ಡಯರ್‌ನ ಕೆಲಸ ಹೋಯಿತು, ಆದರೆ ಇಂಗ್ಲೆಂಡಿನ ಒಂದು ಪತ್ರಿಕೆ ಚಂದಾ ಎತ್ತಿ ಅವನಿಗೆ 26 ಸಾವಿರ ಪೌಂಡ್ ಕೊಟ್ಟಿತು.

ಅದೇ 1919ರಲ್ಲಿ ಇನ್ನೊಂದು ನಡೆಯಿತು. ಮೊದಲ ಮಹಾಯುದ್ಧ ಗೆದ್ದ ದೇಶಗಳು ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್‌ನನ್ನು ವಿಚಾರಣೆ ಮಾಡುತ್ತೇವೆ ಅಂತ ವರ್ಸೇಲ್ಸ್ ಒಪ್ಪಂದದಲ್ಲೇ ಬರೆದವು. ಅವನು ನೆದರ್ಲೆಂಡ್ಸ್‌ಗೆ ಓಡಿಹೋಗಿದ್ದ. ಆ ದೇಶ ಅವನನ್ನು ಒಪ್ಪಿಸಲ್ಲ ಅಂತ ಖಡಾಖಂಡಿತ ಹೇಳಿತು. ಇವತ್ತು ಹೇಗ್ ನ್ಯಾಯಾಲಯ ಇರುವುದು ಅದೇ ನೆದರ್ಲೆಂಡ್ಸ್‌ನಲ್ಲಿ. ಉಳಿದ ಆರೋಪಿಗಳನ್ನು ನಾವೇ ವಿಚಾರಿಸಿಕೊಳ್ಳುತ್ತೇವೆ ಅಂತ ಜರ್ಮನಿ ಹೇಳಿತು, ಗೆದ್ದವರು ಒಪ್ಪಿದರು. ಪಟ್ಟಿಯಲ್ಲಿದ್ದವರು ಹತ್ತಿರ ಹತ್ತಿರ 900 ಮಂದಿ. 1921ರಲ್ಲಿ ಲೈಪ್‌ಜಿಗ್‌ನಲ್ಲಿ ವಿಚಾರಣೆಗೆ ನಿಂತವರು ಹನ್ನೆರಡು ಮಂದಿಯಷ್ಟೇ. ಕೆಲವರಿಗೆ ಸಣ್ಣ ಸಣ್ಣ ಶಿಕ್ಷೆ, ಉಳಿದವರು ಮನೆಗೆ. ನಮ್ಮ ಮನೆ ವಿಷಯ ನಾವೇ ನೋಡಿಕೊಳ್ಳುತ್ತೇವೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಲೈಪ್‌ಜಿಗ್ ನೆನಪಾಗುತ್ತದೆ.

ಮಧ್ಯಾಹ್ನ ದೇವಸ್ಥಾನದ ಊಟ. ಅನ್ನ, ಸಾರು, ಪಾಯಸ. ಚಿಕ್ಕಪ್ಪ ಎಲೆ ಮುಂದೆ ಕೂತೇ ಕೇಳಿದರು, "ನಮ್ಮ ದೇಶ ಯಾಕೆ ಸೇರಲಿಲ್ಲ?" 1998ರಲ್ಲಿ ರೋಮ್‌ನಲ್ಲಿ 120 ದೇಶ ಪರವಾಗಿ, 7 ದೇಶ ವಿರುದ್ಧವಾಗಿ ಮತ ಹಾಕಿದವು. ಮತ ಹಾಕದೆ ಉಳಿದ 21ರಲ್ಲಿ ಭಾರತ ಒಂದು. ಭದ್ರತಾ ಮಂಡಳಿಗೆ ಅಷ್ಟು ಅಧಿಕಾರ ಯಾಕೆ, ಅಣ್ವಸ್ತ್ರ ಬಳಸುವುದನ್ನು ಅಪರಾಧದ ಪಟ್ಟಿಗೆ ಯಾಕೆ ಸೇರಿಸಲಿಲ್ಲ, ಭಯೋತ್ಪಾದನೆಯನ್ನು ಯಾಕೆ ಬಿಟ್ಟಿರಿ ಅಂತ ನಮ್ಮವರು ಕೇಳಿದರು. ಪ್ರಶ್ನೆಗಳು ಸರಿಯಾಗೇ ಇದ್ದವು. ಆದರೆ ಹೊರಗೆ ನಿಂತದ್ದರಿಂದ ಏನಾಯಿತು ಅನ್ನೋದನ್ನೂ ನೋಡಬೇಕು. ಸುಡಾನಿನ ಅಧ್ಯಕ್ಷ ಬಶೀರ್ ಮೇಲೆ ದಾರ್ಫುರ್‌ನ ಹತ್ಯೆಗಳಿಗಾಗಿ 2009ರಿಂದ ವಾರಂಟ್ ಇತ್ತು. 2015ರ ಜೂನ್‌ನಲ್ಲಿ ಆತ ಸದಸ್ಯ ದೇಶವಾದ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅಲ್ಲಿನ ಹೈಕೋರ್ಟು ದೇಶ ಬಿಟ್ಟು ಹೋಗಬಾರದು ಅಂತ ಆದೇಶ ಮಾಡಿತು. ಸರ್ಕಾರ ಸೇನೆಯ ವಿಮಾನ ನಿಲ್ದಾಣದಿಂದ ಹಾರಲು ಬಿಟ್ಟುಬಿಟ್ಟಿತು. ಮರುವರ್ಷ ಅಲ್ಲಿನ ಮೇಲಿನ ನ್ಯಾಯಾಲಯ ಸರ್ಕಾರ ಮಾಡಿದ್ದು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದೇ 2015ರ ಅಕ್ಟೋಬರಿನಲ್ಲಿ ಬಶೀರ್ ದೆಹಲಿಗೆ, ಆಫ್ರಿಕಾ ಶೃಂಗಸಭೆಗೆ ಬಂದು ಹೋದರು. ನಾವು ಸದಸ್ಯರಲ್ಲ, ಹಿಡಿಯಬೇಕಾಗಿರಲಿಲ್ಲ. ಕಾನೂನು ಪ್ರಕಾರ ಸರಿ. ನನ್ನ ಮನಸ್ಸು ಮಾತ್ರ ಒಪ್ಪಲ್ಲ.

"ಹಾಗಾದ್ರೆ ಯಾರು ಹಿಡಿಸ್ತಾರಮ್ಮಾ?" ಅಂದರು ಚಿಕ್ಕಪ್ಪ. ಈ ಸಲ ಅವರ ದನಿಯಲ್ಲಿ ವಾದ ಇರಲಿಲ್ಲ. ಸೆರ್ಬಿಯಾದ ಮಾತು ಹೇಳಿದೆ. ಪಕ್ಕದ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ 1995ರ ಜುಲೈನಲ್ಲಿ 8 ಸಾವಿರಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದರು. ಅದಕ್ಕೆ ಹೊಣೆಯಾದ ಬೋಸ್ನಿಯಾದ ಸೆರ್ಬ್ ಸೇನಾಧಿಪತಿ ಮ್ಲಾದಿಚ್ ಸಿಕ್ಕಿಬಿದ್ದದ್ದು 2011ರಲ್ಲಿ. ಹದಿನಾರು ವರ್ಷ! ಸೆರ್ಬಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್‌ನನ್ನು ಹೇಗ್‌ನಲ್ಲೇ ಇದ್ದ ಬೇರೆ ನ್ಯಾಯಾಲಯಕ್ಕೆ, ಯುಗೊಸ್ಲಾವಿಯಾ ಯುದ್ಧಾಪರಾಧಗಳ ನ್ಯಾಯಾಲಯಕ್ಕೆ, ಕಳಿಸಿದ ಪ್ರಧಾನಿ ಜಿಂಜಿಚ್ 2003ರಲ್ಲಿ ಗುಂಡೇಟಿಗೆ ಬಲಿಯಾದರು. ಅಷ್ಟು ವರ್ಷವೂ ಸ್ರೆಬ್ರೆನಿಕಾದ ತಾಯಂದಿರು ಸುಮ್ಮನಿರಲಿಲ್ಲ, ಮಕ್ಕಳ ಹೆಸರು ಹಿಡಿದು ಬೀದಿಯಲ್ಲಿ ನಿಂತರು. ಯುರೋಪಿನ ಒಕ್ಕೂಟಕ್ಕೆ ಸೇರಬೇಕಾದರೆ ಮ್ಲಾದಿಚ್‌ನನ್ನು ಒಪ್ಪಿಸಿ ಅನ್ನುವ ಒತ್ತಡವೂ ಇತ್ತು. ಡುಟೆರ್ಟೆ 2019ರಲ್ಲೇ ತನ್ನ ದೇಶವನ್ನು ನ್ಯಾಯಾಲಯದಿಂದ ಹೊರಗೆ ತಂದಿದ್ದರು. ಆದರೆ ಸದಸ್ಯತ್ವ ಇದ್ದಾಗ ನಡೆದ ಕೊಲೆಗಳಿಗೆ ಲೆಕ್ಕ ಕೊಡಲೇಬೇಕು. ಸತ್ತವರ ಮನೆಯವರು 2018ರಲ್ಲೇ ದೂರು ಕಳಿಸಿದ್ದರು. ಈಗಿನ ಅಧ್ಯಕ್ಷರಿಗೂ ಡುಟೆರ್ಟೆ ಮನೆತನಕ್ಕೂ ಜಗಳ ಬಿದ್ದ ಮೇಲೆ ಬಾಗಿಲು ತೆರೆಯಿತು, ಅದೂ ನಿಜ. ಆದರೆ ಬಾಗಿಲು ತೆರೆದ ದಿನ ಕೊಡುವುದಕ್ಕೆ ಆ ಮನೆಯವರ ಹತ್ತಿರ ಹೆಸರು, ದಿನಾಂಕ, ಫೋಟೋ ಎಲ್ಲಾ ಇತ್ತು. ಕೋರ್ಟಿನಲ್ಲಿ ಕೆಲಸ ಮಾಡುವ ನನಗೆ ಇದರ ಬೆಲೆ ಗೊತ್ತು. ಹೆಸರೇ ಇಲ್ಲದ ಕೊಲೆಗೆ ಕೇಸು ಹಾಕಲು ಆಗಲ್ಲ.

ಊಟ ಆದ ಮೇಲೆ ಚಿಕ್ಕಪ್ಪ ಕಾಣಲಿಲ್ಲ. ಚಿಕ್ಕಮ್ಮ ಗಾಬರಿಯಾದರು. ಹುಡುಕಿದರೆ ಮತ್ತೆ ಸ್ಮಾರಕದ ಹತ್ತಿರ, ಕಲ್ಲಿನಲ್ಲಿ ಕೆತ್ತಿದ ಹೆಸರುಗಳ ಮುಂದೆ, ನೋವಿನ ಮಂಡಿ ಊರಿ ಕೂತಿದ್ದರು. ಜೇಬಿನಲ್ಲಿರುವ ಸಣ್ಣ ಡೈರಿಗೆ ಒಂದೊಂದೇ ಹೆಸರು ಬರೆದುಕೊಳ್ಳುತ್ತಿದ್ದರು, ಹಳೇ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ. ಫೋಟೋ ತೆಗೀತೀನಿ ಬಿಡಿ ಅಂದೆ. "ಬೇಡಮ್ಮಾ, ಬರೆದ್ರೆ ನೆನಪಿರುತ್ತೆ" ಅಂದರು. ಗೌರಿಬಿದನೂರಿನಿಂದ ಕೊನೆ ಬಸ್ಸಿಗೆ ಹೊತ್ತಾಗುತ್ತಿತ್ತು, ಆಟೋದವರು ಹಾರ್ನ್ ಹೊಡೆಯುತ್ತಿದ್ದರು. ಇನ್ನೂ ಐದಾರು ಹೆಸರು ಉಳಿದಿದ್ದವು. ನಾನು ಅವರ ಪಕ್ಕ ಕೂತು ಹೆಸರುಗಳನ್ನು ಓದಿ ಹೇಳಿದೆ, ಅವರು ಬರೆದುಕೊಂಡರು.