ದೊಡ್ಡಮ್ಮನ ಕುಂಬಳಕಾಯಿ ಮುಖ

ತಮ್ಮನ ಮದುವೆಯಲ್ಲಿ ಛತ್ರದ ಸ್ಟೇಜು ಚಿಕ್ಕದು, ನೆಂಟರು ಜಾಸ್ತಿ. ಹಿಂದೆ ಸರಿಯೋಣ ಅಂದರೆ ಬೆನ್ನಿಗೇ ಕುರ್ಚಿಗಳ ಸಾಲು. ಮದುವೆಗೆ ಗೊತ್ತು ಮಾಡಿದ ಫೋಟೊಗ್ರಾಫರ್ ಇದ್ದರೂ ನನಗೆ ಹೊಸ 10-18 ಮಿ.ಮೀ. ವೈಡ್ ಲೆನ್ಸಿನ ಜಂಬ. ನೋಟ ಅತಿ ಅಗಲವಾಗೋ 10ಕ್ಕೆ ತಿರುಗಿಸಿ, ಇಪ್ಪತ್ತೆರಡು ಜನರನ್ನೂ ಒಂದೇ ಫ್ರೇಮಿಗೆ ತುರುಕಿ ಬೀಗಿದೆ. ವಾರ ಕಳೆದ ಮೇಲೆ ದೊಡ್ಡಮ್ಮನ ಫೋನು: “ಏನೋ, ನನ್ನ ಮುಖಾನ ಕುಂಬಳಕಾಯಿ ಮಾಡಿಟ್ಟಿದ್ದೀಯಲ್ಲೋ! ಮಧ್ಯ ನಿಂತಿರೋ ನಿಮ್ಮಮ್ಮ ಮಾತ್ರ ಚೆನ್ನಾಗಿ ಬಂದಿದ್ದಾಳೆ.”

ಕಂಪ್ಯೂಟರಿನಲ್ಲಿ, ಬಾಗಿದ ಗೆರೆಗಳನ್ನು ನೆಟ್ಟಗೆ ಮಾಡೋ ಲೆನ್ಸ್ ಕರೆಕ್ಷನ್ ಒತ್ತಿದೆ. ಸ್ಟೇಜಿನ ಕಂಬಗಳೇನೋ ನೆಟ್ಟಗಾದವು, ದೊಡ್ಡಮ್ಮ ಒಂದು ನೂಲೂ ತೆಳ್ಳಗಾಗಲಿಲ್ಲ. ಇವೆರಡೂ ಬೇರೆ ಬೇರೆ ರೋಗ ಅಂತ ಆಗಲೇ ಗೊತ್ತಾಗಿದ್ದು. ಗೆರೆಗಳು ಪೀಪಾಯಿ ಹೊಟ್ಟೆಯ ಹಾಗೆ ಹೊರಕ್ಕೆ ಬಾಗೋದು ಲೆನ್ಸಿನ ಕೊರತೆ, ಅದಕ್ಕೆ ಮದ್ದಿದೆ. ಅಂಚಿನಲ್ಲಿ ನಿಂತವರು ಹಿಗ್ಗೋದು ಕೊರತೆಯೇ ಅಲ್ಲ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಚಿತ್ರದ ಮೇಲೆ ಹರಡಬೇಕು, ನೇರ ಗೆರೆ ನೇರವಾಗಿಯೇ ಉಳಿಯಬೇಕು ಅಂದರೆ ತೆರಲೇಬೇಕಾದ ದಂಡ ಅದು. ನನ್ನ ಕ್ಯಾಮೆರಾದಲ್ಲಿ 10 ಮಿ.ಮೀ.ಗೆ ಎಡಬಲದ ಅಂಚು ನಡುವಿನಿಂದ ಸುಮಾರು 48 ಡಿಗ್ರಿ ಆಚೆಗಿದೆ. ಅಲ್ಲಿ ಗುಂಡನೆಯ ಚೆಂಡಿಟ್ಟರೂ ಎತ್ತರಕ್ಕಿಂತ ಒಂದೂವರೆ ಪಟ್ಟು ಅಗಲವಾಗಿ ಬರುತ್ತೆ. ಇನ್ನು ದೊಡ್ಡಮ್ಮನ ತಲೆ ಯಾವ ಲೆಕ್ಕ!

ಲೆನ್ಸು ಬೀರು ಸೇರಿತು. ಅದನ್ನು ಮತ್ತೆ ಹೊರಗೆ ತೆಗೆಸಿದ್ದು ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ದೂರ ನಿಂತು ಫೋಟೊ ತೆಗೆಯೋ ಆಸೆಯೇ ತಪ್ಪು, ಮೂರು ಹೆಜ್ಜೆ ಹಿಂದಿಟ್ಟರೆ ಯಾರದೋ ಕಾಲು ಸಿಗುತ್ತೆ. ರಾಶಿಯ ಹಿಂದೆ ಕೂತಿದ್ದ ಅಜ್ಜ “ರುಚಿ ನೋಡಿ ಸಾರ್” ಅಂತ ಅಂಗೈ ಚಾಚಿದರು. ಕಾಯಿ ತಗೊಳ್ಳೋ ಬದಲು ಕ್ಯಾಮೆರಾ ಹಿಡಿದು ಬಗ್ಗಿದೆ. ಕೈ 25 ಸೆಂ.ಮೀ. ದೂರದಲ್ಲಿ, ಮುಖ 75 ಸೆಂ.ಮೀ. ಅಂದರೆ ಕೈಗೆ ಮೂರು ಪಟ್ಟು ಬಡ್ತಿ. ಫೋಟೊದಲ್ಲಿ ಅಂಗೈ ಮೊರದಷ್ಟಗಲ, ಅದರ ಗೆರೆಗಳಲ್ಲಿ ಕೆಮ್ಮಣ್ಣು, ಬೆರಳುಗಳ ಸಂದಿಯಲ್ಲೆಲ್ಲೋ ಪುಟ್ಟದಾಗಿ ನಗೋ ಮುಖ, ಅದರ ಹಿಂದೆ ಇಡೀ ಜಾತ್ರೆ. ಆ ಕೈ ಹಾಗೇ ಕಾಣಬೇಕು ಅನ್ನಿಸಿತು.

ಕೈ ಹೀಗೆ ದೊಡ್ಡದಾಗೋದನ್ನು ಲೆನ್ಸಿನ ಮಾಯೆ ಅಂದುಕೊಂಡಿದ್ದೆ. ಅಲ್ಲ, ದೂರದ ಲೆಕ್ಕ. ನಾಲ್ಕು ಮೀಟರ್ ಆಚೆ ನಿಂತಿದ್ದರೆ ಯಾವ ಲೆನ್ಸು ಹಾಕಿದ್ದರೂ ಕೈ ಕೈಯಷ್ಟೇ ಇರುತ್ತಿತ್ತು. ಮೂಗಿನ ಹತ್ತಿರ ಹೋದಮೇಲೂ ಮುಖ, ಜಾತ್ರೆ ಎರಡನ್ನೂ ಫ್ರೇಮಿನೊಳಗೇ ಉಳಿಸಿಕೊಡೋದಷ್ಟೇ ವೈಡ್ ಲೆನ್ಸಿನ ಕೆಲಸ.

ಆಮೇಲೆ ಹುಚ್ಚು ಹತ್ತಿತು. ವಿಜಯಪುರದ ಗೋಲಗುಮ್ಮಟದಲ್ಲಿ ಕ್ಯಾಮೆರಾ ಸ್ವಲ್ಪ ಮೇಲಕ್ಕೆತ್ತಿದರೆ ಮೂಲೆಯ ಏಳಂತಸ್ತಿನ ಮಿನಾರುಗಳು ಒಳಕ್ಕೆ ವಾಲುತ್ತವೆ, ನೋಡಿದವರು ತಪ್ಪು ಅಂತಾರೆ. ಗೋಡೆ ಬುಡದಲ್ಲಿ ಕೂತು ಪೂರ್ತಿ ಎತ್ತಿದೆ. ಮಿನಾರು ದಬ್ಬಳದ ಹಾಗೆ ಚೂಪಾಗಿ ಆಕಾಶ ಚುಚ್ಚಿತು, ಒಬ್ಬರೂ ತಪ್ಪು ಅನ್ನಲಿಲ್ಲ. ವಾಲಿಸೋದಾದರೆ ಸಂಕೋಚವಿಲ್ಲದೆ ವಾಲಿಸಬೇಕು. ಒಂದೇ ಕೊರಗು: ಅಷ್ಟು ಹತ್ತಿರ ಹೋದರೆ ಗೋಡೆ ಅಡ್ಡ ಬಂದು ಗುಮ್ಮಟವೇ ಕಾಣಲ್ಲ. ಗೋಲಗುಮ್ಮಟಕ್ಕೆ ಹೋಗಿ ಗುಮ್ಮಟವಿಲ್ಲದ ಫೋಟೊ ತಂದವನು ನಾನು.

ಮಲ್ಪೆಯಲ್ಲಿ ಕರೆಕ್ಷನ್ ಕೂಡ ಆಫ್ ಮಾಡಿದೆ. ದಿಗಂತವನ್ನು ಫ್ರೇಮಿನ ಮೇಲಂಚಿಗೆ ಇಟ್ಟರೆ ಬಿಲ್ಲಿನಂತೆ ಉಬ್ಬುತ್ತೆ, ಕೆಳಗಿಟ್ಟರೆ ತೊಟ್ಟಿಲಂತೆ ಜೋಲುತ್ತೆ, ನಟ್ಟನಡುವೆ ಇಟ್ಟರೆ ಸಾಧು.

ಹೋದ ಗೌರಿಹಬ್ಬಕ್ಕೆ ದೊಡ್ಡಮ್ಮ ಒಬ್ಬಟ್ಟಿನ ತಟ್ಟೆ ಚಾಚಿದಾಗ ಅದೇ ಲೆನ್ಸು ಹಿಡಿದೆ. ಅವರನ್ನು ಈ ಸಲ ನಡುವೆ ಇಟ್ಟೆ. ಒಬ್ಬಟ್ಟು ಗಾಡಿಚಕ್ರದಷ್ಟು, ದೊಡ್ಡಮ್ಮ ಚಿಕ್ಕ ಹುಡುಗಿಯಷ್ಟು. ಕನ್ನಡಕ ಏರಿಸಿ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಫೋಟೊದ ಬಲ ಮೂಲೆಗೆ ಬೆರಳಿಟ್ಟು ನಗೋಕೆ ಶುರು ಮಾಡಿದರು. ಅಲ್ಲಿ ಪೇಪರ್ ಓದುತ್ತಾ ಕೂತಿದ್ದ ದೊಡ್ಡಪ್ಪ, ಒಂದೂವರೆ ಪಟ್ಟು.