ನಡುವಿನ ಹಾಳೆ ನೋಡಿ ಕೊಳ್ಳಿ

ಮೈಸೂರು, ಭಾನುವಾರ, 24 ನವೆಂಬರ್ 2024

ಕಾಮಿಕ್ಸ್ ಮೇಳದಲ್ಲಿ ಮೊದಲ ಒಂದು ಗಂಟೆ ಹಳೆ ಪುಸ್ತಕದ ಡಬ್ಬಗಳಿಗೇ ಮೀಸಲಿಡಬೇಕು. ಬೊಂಬೆ, ಪೋಸ್ಟರು, ಟೀ ಶರ್ಟು ಸಂಜೆವರೆಗೂ ಇರುತ್ತವೆ. ಹಳೆ ಸಂಚಿಕೆ ಇರುವುದು ಒಂದೇ ಪ್ರತಿ, ಹೋದರೆ ಹೋಯಿತು. ಚೀಲದಲ್ಲಿ ಬೇಕಾದ ಸಂಚಿಕೆಗಳ ಪಟ್ಟಿ, ಪುಟ್ಟ ಟಾರ್ಚು, ಭೂತಗನ್ನಡಿ, ಪುಸ್ತಕಕ್ಕಿಂತ ತುಸು ದೊಡ್ಡದಾದ ಎರಡು ಗಟ್ಟಿ ರಟ್ಟು, ಐವತ್ತು-ನೂರರ ನೋಟುಗಳು ಇರಲಿ. ಜನ ತುಂಬಿದ ಹಾಲ್‌ನಲ್ಲಿ ನೆಟ್‌ವರ್ಕ್ ಸಿಗದೆ ಯುಪಿಐ ಸುತ್ತುತ್ತಾ ಕೂತರೆ, ಪಕ್ಕದವರು ನಗದು ಕೊಟ್ಟು ಎತ್ತಿಕೊಂಡು ಹೋಗುತ್ತಾರೆ.

ಹಳೆ ಕಾಮಿಕ್ಸ್‌ನಲ್ಲಿ ಕನ್ನಡದ್ದು ಇವತ್ತಿನ ಮೇಳದಲ್ಲೂ ಕಮ್ಮಿಯೇ. ಮನೆಮಂದಿಯೆಲ್ಲ ಓದಿ, ಬೀದಿಯ ಮಕ್ಕಳಿಗೆಲ್ಲ ಕೊಟ್ಟು, ಕೊನೆಗೆ ರದ್ದಿ ತೂಕಕ್ಕೆ ಹೋದ ಪುಸ್ತಕಗಳಿವು. ಹೊಸದರಂತಿರುವ ಪ್ರತಿಯೇ ಬೇಕೆಂದು ಕಾದರೆ ಸಿಗುವುದಿಲ್ಲ. ಹಾಳೆ ಪೂರ್ತಿ ಇದೆಯೇ ಅನ್ನುವುದೊಂದೇ ಮುಖ್ಯ. ‘7ನೇ ಕ್ಲಾಸು, ಸರಸ್ವತಿಪುರಂ’ ಎಂದು ಇಂಕಿನಲ್ಲಿ ಬರೆದಿದ್ದ ಪ್ರತಿಯನ್ನು ಇಬ್ಬರು ಮೂಸಿ ನೋಡದೆ ಹೋದರು. ಬರವಣಿಗೆ ಇದ್ದರೆ ಬೆಲೆ ಇಳಿಯುತ್ತದೆ, ನಿಜ. ನನ್ನ ಪ್ರಕಾರ ಕೊಳ್ಳುವವರಿಗೆ ಅದೇ ಅನುಕೂಲ.

ಪುರಾಣ, ಇತಿಹಾಸದ ಕಾಮಿಕ್ಸ್ ಸರಣಿ ಅಮರ ಚಿತ್ರ ಕಥೆ ಅಂದಕೂಡಲೇ ಅದನ್ನು ಶುರು ಮಾಡಿದವರು ಅನಂತ ಪೈ, ವರ್ಷ 1967 ಅನ್ನುತ್ತೇವೆ. ಅದಕ್ಕೂ ಮುಂಚೆ, 1965ರಲ್ಲೇ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇದೇ ಹೆಸರಿನಲ್ಲಿ ಕನ್ನಡ ಪುಸ್ತಕಗಳು ಬಂದಿದ್ದವು. ಎಲ್ಲ ಸಿಂಡರೆಲಾ, ಪಿನೋಕಿಯೊ ಥರದ ವಿದೇಶಿ ಕಥೆಗಳು. ಮೊದಲ ಹತ್ತು ಸಂಖ್ಯೆ ಇವಕ್ಕೆ ಹೋದದ್ದರಿಂದಲೇ ಇಂಗ್ಲಿಷಿನ ‘ಕೃಷ್ಣ’ 11ನೆಯದಾಯಿತು. ಆ ಹತ್ತರಲ್ಲಿ ಒಂದು ಹರಿದದ್ದು ಕಂಡರೂ ಬಿಡಬೇಡಿ. ಮರುಮುದ್ರಣ ಪತ್ತೆ ಹಚ್ಚಲು ರಕ್ಷಾಪುಟದಲ್ಲಿರುವ ಪುಸ್ತಕಗಳ ಪಟ್ಟಿ ಓದಿ. ಕೈಯಲ್ಲಿರುವುದಕ್ಕಿಂತ ಎಷ್ಟೋ ಮುಂದಿನ ಸಂಖ್ಯೆಗಳು ಅಲ್ಲಿದ್ದರೆ ಅದು ಮೊದಲ ಮುದ್ರಣವಲ್ಲ. ‘ಕೃಷ್ಣ’ದ ಮೇಲೆ 501 ಎಂದಿದ್ದರಂತೂ ಸಂಖ್ಯೆ ಬದಲಾದ ಮೇಲಿನದು.

ಪುಸ್ತಕ ಕೈಗೆ ಬಂದಾಗ ಮುಖಪುಟ ನೋಡುವ ಮೊದಲು ನಡುವಿಗೆ ಬಿಡಿಸಿ. 32 ಪುಟದ ಪುಸ್ತಕದಲ್ಲಿ 16-17 ಪುಟಗಳ ನಡುವೆ ಎರಡು ಪಿನ್ನು ಇರುತ್ತವೆ. ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿದು, ಸುತ್ತಲಿನ ಕಾಗದ ಕಂದಾಗಿ ಪುಡಿಯಾಗುತ್ತದೆ. ಮೊದಲು ಕಳಚುವುದು ನಡುವಿನ ಹಾಳೆ, ಅದರ ಜೊತೆ 15ರಿಂದ 18ರವರೆಗಿನ ನಾಲ್ಕು ಪುಟ ಹೋಗುತ್ತವೆ. ಎರಡು ಹರಕಲು ಪ್ರತಿ ಸೇರಿಸಿ ಹೊಲಿದದ್ದೂ ಇರುತ್ತದೆ. ಹಾಳೆಗಳ ಅಂಚಿನ ಬಣ್ಣ ಒಂದೇ ತೆರನಾಗಿದೆಯೇ ನೋಡಿದರೆ ಗೊತ್ತಾಗುತ್ತದೆ.

ಮುಖಪುಟ ಅಸಲಿಯೋ ಕಲರ್ ಜೆರಾಕ್ಸೋ ಅನ್ನುವುದಕ್ಕೆ ಭೂತಗನ್ನಡಿ ಬೇಕು. ಆಫ್‌ಸೆಟ್ ಅಚ್ಚಿನಲ್ಲಿ ಬಣ್ಣದ ಚುಕ್ಕಿಗಳು ಗುಂಪುಗುಂಪಾಗಿ ಸಾಲುಗಟ್ಟಿರುತ್ತವೆ. ಜೆರಾಕ್ಸಿನ ಪುಡಿ ಕಾಗದದ ಮೇಲೆಯೇ ಕೂತು ಹೊಳೆಯುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಸ್ಕೆಚ್ ಪೆನ್ನಿನ ತೇಪೆ ಇದ್ದರೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾಣುತ್ತದೆ.

“ಸಾರ್, ಸೆಲೋಟೇಪ್ ಹಾಕಿ ನೀಟಾಗಿ ಇಟ್ಟಿದ್ದೀನಿ” ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದರೆ ಬೆಲೆ ಇಳಿಸಿ ಕೇಳಿ. ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಕೀಳಹೋದರೆ ಚಿತ್ರವೂ ಬರುತ್ತದೆ. ಲ್ಯಾಮಿನೇಷನ್ ಮಾಡಿದ್ದನ್ನು ಕೊಳ್ಳಲೇಬೇಡಿ.

ತಂದದ್ದನ್ನು ನೇರ ಕಪಾಟಿಗೆ ಸೇರಿಸಬಾರದು. ಒಂದು ಪ್ರತಿಯಲ್ಲಿ ಹುಳ ಇದ್ದರೂ ಉಳಿದದ್ದಕ್ಕೆ ಹಬ್ಬುತ್ತದೆ. ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ತಣ್ಣನೆ ಕಾಗದದ ಮೇಲೆ ನೀರು ಕಟ್ಟಿಕೊಳ್ಳುತ್ತದೆ. ಬೂಷ್ಟು ಬಂದದ್ದನ್ನು ನೆರಳಲ್ಲಿ ಪೂರಾ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಶ್ಶಿನಿಂದ ಹೊರಗೆ ಕೂತು ಒರೆಸಬೇಕು. ಆಮೇಲೆ ಪಾಲಿಪ್ರೊಪಿಲೀನ್ ಅಥವಾ ಮೈಲಾರ್ (ಒಂದು ಬಗೆಯ ಪಾಲಿಯೆಸ್ಟರ್) ಪ್ಲಾಸ್ಟಿಕ್ ಕವರು, ಬೆನ್ನಿಗೆ ಆಮ್ಲರಹಿತ ರಟ್ಟು. ಪಿವಿಸಿ ಕವರು ಬೇಡ, ಬರುಬರುತ್ತಾ ಅಂಟಂಟಾಗಿ ಮುಖಪುಟದ ಬಣ್ಣವನ್ನೇ ಎಳೆದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗಿಸಬೇಡಿ. ತೇವ ಹೀರಿ ಬಣ್ಣ ಬದಲಿಸುವ ಥರದ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಬಣ್ಣ ಬದಲಾದಾಗ ತೆಗೆದು ಹೊಸದು ಹಾಕಿ.