ಎಲ್ಲದಕ್ಕೂ 'ಹಿಂದೇಟು' ಅಂತ ಬರೆದರೆ ಸಾಕಾ?

ನ್ಯೂಸ್ ಡೆಸ್ಕ್‌ಗೆ ಬರುವ ಇಂಗ್ಲಿಷ್ ಏಜೆನ್ಸಿ ಕಾಪಿಗಳಲ್ಲಿ, ಅಂದರೆ ಸುದ್ದಿಸಂಸ್ಥೆಗಳು ಕಳಿಸುವ ವರದಿಗಳಲ್ಲಿ, 'ರಿಲಕ್ಟೆಂಟ್' (ಮನಸ್ಸಿಲ್ಲದ) ಅನ್ನೋ ಪದಕ್ಕೆ ಬರವಿಲ್ಲ. ಸರ್ಕಾರ ರಿಲಕ್ಟೆಂಟ್, ಬ್ಯಾಂಕು ರಿಲಕ್ಟೆಂಟ್, ಸಾಕ್ಷಿಯೂ ರಿಲಕ್ಟೆಂಟ್. ಕನ್ನಡಕ್ಕೆ ಬರುವಷ್ಟರಲ್ಲಿ ಎಲ್ಲರೂ ಹಿಂದೇಟು ಹಾಕಿರುತ್ತಾರೆ! ಮೂರೇ ಅಕ್ಷರ, ಸಿಂಗಲ್ ಕಾಲಂ ಹೆಡ್ಡಿಂಗ್‌ನಲ್ಲೂ ಕೂರುತ್ತದೆ. ರಾತ್ರಿ ಪುಟ ಬಿಡುವ ಹೊತ್ತಿನಲ್ಲಿ ಬೇರೆ ಪದ ಹುಡುಕುತ್ತಾ ಕೂರೋರು ಯಾರು?

ಆದರೆ ರಿಲಕ್ಟೆಂಟ್ ಆದವರು ಕೆಲಸ ಮಾಡುವುದೇ ಇಲ್ಲ ಅಂತೇನಿಲ್ಲ. ಮನಸ್ಸಿಲ್ಲದಿದ್ದರೂ ಮಾಡಿಬಿಡಬಹುದು. ಕಾಪಿಯಲ್ಲಿ 'ರಿಲಕ್ಟೆಂಟ್ಲಿ ಅಗ್ರೀಡ್' ಅಂತ ಇದ್ದರೆ ಅವರು ಒಪ್ಪಿದ್ದಾರೆ, ಅದೇ ಸುದ್ದಿ. ಅದಕ್ಕೆ 'ಒಪ್ಪಲು ಹಿಂದೇಟು' ಅಂತ ಹೆಡ್ಡಿಂಗ್ ಕೊಟ್ಟರೆ ಸುದ್ದಿಯೇ ಉಲ್ಟಾ. 'ಒಲ್ಲದ ಮನಸ್ಸಿನಿಂದ ಒಪ್ಪಿಗೆ' ಅನ್ನಬಹುದು. ಜಾಗ ಸಾಲದಿದ್ದರೆ 'ಕೊನೆಗೂ ಒಪ್ಪಿಗೆ'. ಸ್ವಲ್ಪ ಸಪ್ಪೆ, ಆದರೂ ತಪ್ಪಲ್ಲ.

ಇದು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಕೊರೊನಾ ಲಸಿಕೆ ಶುರುವಾದ 2021ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಜಗತ್ತಿನ ಆರೋಗ್ಯಕ್ಕಿರುವ 10 ಅಪಾಯಗಳ ಪಟ್ಟಿಯಲ್ಲಿ 'ವ್ಯಾಕ್ಸಿನ್ ಹೆಸಿಟೆನ್ಸಿ'ಯನ್ನೂ ಸೇರಿಸಿತ್ತು. ಲಸಿಕೆ ಸಿಗುತ್ತಿದ್ದರೂ ಹಿಂಜರಿಯುವವರು, ಖಡಾಖಂಡಿತ ಬೇಡ ಅನ್ನುವವರು, ಇಬ್ಬರೂ ಅದರೊಳಗೇ ಬರುತ್ತಾರೆ. ನಮ್ಮ ಪುಟದಲ್ಲೂ ಇಬ್ಬರಿಗೂ ಸೇರಿಸಿ 'ಲಸಿಕೆಗೆ ಹಿಂದೇಟು'. ಊರಲ್ಲಿ ಮಾತ್ರ ಇವರಿಬ್ಬರೂ ಬೇರೆ ಬೇರೆ. ಒಬ್ಬರು ಆಶಾ ಕಾರ್ಯಕರ್ತೆ ಬಂದರೆ ಬಾಗಿಲೇ ತೆಗೆಯುವುದಿಲ್ಲ. ಇನ್ನೊಬ್ಬರು 'ಪಕ್ಕದ ಮನೆಯವರು ಹಾಕಿಸಿಕೊಳ್ಳಲಿ, ಆಮೇಲೆ ನೋಡೋಣ' ಅಂತ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ನಮ್ಮ ಚೀಫ್ ಸಬ್ ಎಡಿಟರ್ ಮೇಡಂ ವರದಿಗಾರರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬೇಡ ಅಂದ್ರೋ, ಈಗ ಬೇಡ ಅಂದ್ರೋ?" ಹೆಡ್ಡಿಂಗ್ ನಿಲ್ಲುತ್ತಿದ್ದುದು ಆ ಉತ್ತರದ ಮೇಲೆ. ಈಗ ಬೇಡ ಅಂದಿದ್ದರೆ 'ಹಿಂಜರಿಕೆ'. ಬೇಡವೇ ಬೇಡ ಅಂದಿದ್ದರೆ 'ನಿರಾಕರಣೆ'.

ಹೊಸಬರನ್ನು ಜಾಸ್ತಿ ಕಾಡುವುದು 'ಲೋಥ್' (loath). ಇದು ರಿಲಕ್ಟೆಂಟ್‌ಗಿಂತ ಒಂದು ಕೈ ಮೇಲೆ, ಸುತರಾಂ ಮನಸ್ಸಿಲ್ಲ ಅಂತ. ಕೊನೆಗೆ ಒಂದು 'ಇ' ಸೇರಿದರೆ 'ಲೋದ್' (loathe), ಅಂದರೆ ಅಸಹ್ಯಪಡುವುದು. ಸಚಿವರಿಗೆ ಪ್ರತಿಕ್ರಿಯೆ ಕೊಡಲು ಇಷ್ಟವಿರಲಿಲ್ಲ ಅಂತ ಇರಬೇಕಾದ ಕಡೆ 'ಪ್ರತಿಕ್ರಿಯೆ ಎಂದರೆ ಸಚಿವರಿಗೆ ಅಸಹ್ಯ' ಅಂತ ಬರೆದು ಕಳಿಸಿದ ಟ್ರೈನಿ ಒಬ್ಬರಿದ್ದರು. ಪೂರ್ತಿ ಅವರ ತಪ್ಪೂ ಅಲ್ಲ ಬಿಡಿ, ಏಜೆನ್ಸಿ ಕಾಪಿಯಲ್ಲೇ ಆ 'ಇ' ನುಸುಳಿತ್ತು. ಅನುಮಾನ ಬಂದರೆ ಮುಂದಿನ ಪದ ನೋಡಿ. ಸಚಿವರು 'ಲೋಥ್' ಆಗಿದ್ದರು ಎಂದು ಹೇಳಿ, ಅದರ ಬೆನ್ನಿಗೆ 'ಟು' ಮತ್ತು ಒಂದು ಕ್ರಿಯಾಪದ ಬಂದಿದ್ದರೆ ಅದು ಬರೀ ಮನಸ್ಸಿಲ್ಲದಿರುವುದು. ನೇರವಾಗಿ ವ್ಯಕ್ತಿಯೋ ವಸ್ತುವೋ ಬಂದಿದ್ದರೆ ಅದು ಅಸಹ್ಯವೇ.